ಜಾಂಬೆಜಿ ಇಳಿದಾಗ ಕಾಣುವ ಜಲಪಾತ

ವಿಕ್ಟೋರಿಯಾ ಜಲಪಾತಕ್ಕೆ ಹೊರಟವರು ಮೊದಲು ಕೇಳುವುದು, ‘ನೀರು ಜಾಸ್ತಿ ಇರೋದು ಯಾವಾಗ?’ ಎಂದು. ಏಪ್ರಿಲ್ ತಿಂಗಳಲ್ಲಿ. ಆದರೆ ಏಪ್ರಿಲ್‌ನಲ್ಲಿ ಹೋದವರಿಗೆ ಜಲಪಾತವೇ ಸರಿಯಾಗಿ ಕಾಣುವುದಿಲ್ಲ. ಕಿವಿಗೆ ಗುಡುಗು, ಮೈಗೆ ಮಳೆ, ಕಣ್ಣಿಗೆ ಬರೀ ಬಿಳುಪು. ಜಾಂಬಿಯಾ, ಜಿಂಬಾಬ್ವೆಗಳ ಗಡಿಯಲ್ಲಿ 1,708 ಮೀಟರ್ ಅಗಲದ ಜಾಂಬೆಜಿ ನದಿ ಅಡ್ಡಡ್ಡ ಸೀಳಿದ ಇಕ್ಕಟ್ಟಾದ ಕಮರಿಯೊಂದಕ್ಕೆ ಬೀಳುತ್ತದೆ. ಆಳ ಹೆಚ್ಚೆಂದರೆ 108 ಮೀಟರ್. ಅಷ್ಟೂ ನೀರು ಹೊರಬೀಳಲು ಇರುವುದು ಒಂದೇ ಕಿರುಬಾಯಿ. ಒಳಗೆ ಸಿಕ್ಕಿಬಿದ್ದ ಗಾಳಿ ತುಂತುರನ್ನು 400 ಮೀಟರಿನಷ್ಟು ಮೇಲಕ್ಕೆ ಹೊತ್ತೊಯ್ಯುತ್ತದೆ. ನೋಡುಗರು ನಿಲ್ಲುವುದು ಕಮರಿಯ ಎದುರಂಚಿನಲ್ಲಿ, ಜಲಪಾತದ ತಲೆಯ ಮಟ್ಟದಲ್ಲೇ. ಹಾಗಾಗಿ ಆ ತುಂತುರೆಲ್ಲ ಮರಳಿ ಅವರ ಮೇಲೇ ಸುರಿಯುತ್ತದೆ. ವರ್ಷವಿಡೀ ಹೀಗೆ ಒದ್ದೆಯಾಗುವ ಆ ಅಂಚಿನಲ್ಲಿ, ಸುತ್ತಲಿನ ಒಣ ಕುರುಚಲಿನ ನಡುವೆ, ಅತ್ತಿಯ ಜಾತಿಯ ಮರಗಳು, ಕರಿಮರ, ಈಚಲು ಸೇರಿ ಕಿರಿದಾದೊಂದು ಮಳೆಕಾಡೇ ಬೆಳೆದಿದೆ.

ಅಲ್ಲಿ ಮಳೆಗಾಲ ನವೆಂಬರಿನಿಂದ ಮಾರ್ಚ್‌ವರೆಗೆ. ಮಳೆ ನಿಂತ ಮೇಲೆ ನೆರೆ ಏರುವುದೇಕೆ? ಈ ನೀರು ಬರುವುದು ದೂರದಿಂದ. ಜಾಂಬೆಜಿ ಜಾಂಬಿಯಾದ ವಾಯವ್ಯ ಮೂಲೆಯಲ್ಲಿ ಹುಟ್ಟಿ, ಅಂಗೋಲಾ ಹೊಕ್ಕು ಹೊರಬಂದು, ಬರೋಟ್ಸೆ ಎಂಬ ವಿಶಾಲ ಬಯಲಿನಲ್ಲಿ ಹರಡಿ ನಿಲ್ಲುತ್ತದೆ. ಬಯಲು ತುಂಬಿದಾಗ ಲೋಜಿ ಜನರ ಅರಸ, ಲಿಟುಂಗಾ, ಲೆಯಲುಯಿಯ ಅರಮನೆ ಬಿಟ್ಟು ದೊಡ್ಡ ದೋಣಿಯಲ್ಲಿ ಲಿಮುಲುಂಗಾದ ಎತ್ತರದ ನೆಲಕ್ಕೆ ಹೊರಡುತ್ತಾನೆ. ಕುವೊಂಬೊಕಾ ಎಂಬ ಈ ಹಬ್ಬ ನೋಡಲು ದೇಶವೇ ನೆರೆಯುತ್ತದೆ. ಅರಸನನ್ನು ಎಬ್ಬಿಸಿದ ಆ ನೀರೇ ನಿಧಾನವಾಗಿ ಕೆಳಗಿಳಿದು ಜಲಪಾತ ಸೇರುವುದು.

ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರಿಗೆ ಜುಲೈ ಸರಿ. ಹವೆ ತಂಪು, ನೀರು ಧಾರಾಳ, ತುಂತುರಿನ ಪರದೆ ಆಗಾಗ ಸರಿದು ಇಡೀ ಗೋಡೆ ಕಾಣುತ್ತದೆ. ಆದರೆ ಜಲಪಾತ ಹೇಗೆ ಹುಟ್ಟಿತೆಂದು ತಿಳಿಯುವ ಆಸೆಯುಳ್ಳವರು ಅಕ್ಟೋಬರ್, ನವೆಂಬರಿಗೆ ಹೋಗಬೇಕು. ಆಗ ಜಾಂಬಿಯಾ ಬದಿಯ ಪೂರ್ವ ಧಾರೆ ಬಹುಪಾಲು ಒಣಗಿ ಕಪ್ಪು ಬಂಡೆ ಬೆತ್ತಲಾಗಿರುತ್ತದೆ. ಮೇಲಿನಿಂದಲೇ ಒಂದಷ್ಟು ನೀರು ಜಾಂಬಿಯಾದ ವಿದ್ಯುದಾಗರದ ಪಾಲಾಗುವುದೂ ಇದಕ್ಕೊಂದು ಕಾರಣ. 2019ರ ಕೊನೆಯಲ್ಲಿ ಈ ಒಣ ಗೋಡೆಯ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದು, ಜಲಪಾತವೇ ಸತ್ತಿತೆಂಬ ಸುದ್ದಿ ಹಬ್ಬಿತು. ಆ ವರ್ಷದ ಬರ ನಿಜಕ್ಕೂ ಭೀಕರ. ಆದರೆ ಅದೇ ಹೊತ್ತಿನಲ್ಲಿ ಜಿಂಬಾಬ್ವೆ ಬದಿಯಲ್ಲಿ ನೀರು ಬೀಳುತ್ತಲೇ ಇತ್ತು.

ಆ ಬದಿಯ ತುದಿಯಲ್ಲಿರುವ ಡೆವಿಲ್ಸ್ ಕ್ಯಾಟರಾಕ್ಟ್ ಎಂಬ ಧಾರೆ ಬತ್ತುವುದಿಲ್ಲ. ಅಲ್ಲಿ ಅಂಚು ಉಳಿದೆಡೆಗಿಂತ ತಗ್ಗು. ಇಲ್ಲಿನ ಬಸಾಲ್ಟ್ ಸುಮಾರು 18 ಕೋಟಿ ವರ್ಷ ಹಿಂದಿನ ಲಾವಾ. ಅದು ಆರುವಾಗ ಬಿಟ್ಟ ಬಿರುಕುಗಳಲ್ಲಿ ಮೆತ್ತನೆಯ ಪದಾರ್ಥ ತುಂಬಿಕೊಂಡಿದೆ. ನದಿ ಒಂದು ಬಿರುಕನ್ನು ಕೊರೆದು ಜಲಪಾತವಾಗುತ್ತದೆ, ಮತ್ತೆ ಹಿಂದಿನ ಬಿರುಕಿಗೆ ಸರಿಯುತ್ತದೆ. ಕೆಳಗೆ ಹಾವಿನಂತೆ ಹೊರಳುವ ಒಂದೊಂದು ಕಮರಿಯೂ ಒಂದು ಕಾಲದ ಜಲಪಾತದ ಜಾಗ. ಮುಂದಿನದು ಡೆವಿಲ್ಸ್ ಕ್ಯಾಟರಾಕ್ಟ್‌ನಿಂದ ಶುರುವಾಗಿಬಿಟ್ಟಿದೆ. ನೀರು ಇಳಿದಾಗಲೇ ಈ ಕೆತ್ತನೆ ಕಣ್ಣಿಗೆ ಬೀಳುವುದು.

ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಇಲ್ಲಿಗೆ ಬಂದದ್ದೂ ನವೆಂಬರಿನಲ್ಲೇ, 1855ರಲ್ಲಿ. ನದಿ ಇಳಿದಿದ್ದರಿಂದಲೇ ಅಲ್ಲಿಯ ಅಂಬಿಗರು ಅವನನ್ನು ಜಲಪಾತದ ನೆತ್ತಿಯ ಮೇಲಿನ ನಡುಗಡ್ಡೆಗೆ ದೋಣಿಯಲ್ಲಿ ಮುಟ್ಟಿಸಿದರು. ನೆರೆಯ ದಿನಗಳಲ್ಲಿ ಬಂದಿದ್ದರೆ ಅದು ಆಗದ ಮಾತು. ಈಗಲೂ ನೀರು ಇಳಿದ ತಿಂಗಳುಗಳಲ್ಲಿ ಮಾತ್ರ ಮಾರ್ಗದರ್ಶಿಗಳ ಜೊತೆ ಆ ನಡುಗಡ್ಡೆಗೆ, ಅದರ ಪಕ್ಕದ ಡೆವಿಲ್ಸ್ ಪೂಲ್ ಎಂಬ ಗುಂಡಿಗೆ ಹೋಗಬಹುದು. ಗುಂಡಿಯ ಸುತ್ತಿನ ಬಂಡೆದಂಡೆ ಈಜುವವರನ್ನು ಅಂಚಿನಾಚೆ ಹೋಗದಂತೆ ತಡೆಯುತ್ತದೆ. ಎದೆಗಟ್ಟಿಯಿದ್ದವರು ಇಳಿಯಲಿ, ಉಳಿದವರು ನಡುಗಡ್ಡೆಯಿಂದ ಬಗ್ಗಿ ನೋಡಿದರೂ ಸಾಕು.

ಎರಡೂ ದಡ ನೋಡಲೇಬೇಕು. ಜಲಪಾತದ ಬಹುಭಾಗ ಜಿಂಬಾಬ್ವೆಯಿಂದ ಕಾಣುತ್ತದೆ. ಹತ್ತಿರದ ಅನುಭವ ಜಾಂಬಿಯಾದಲ್ಲಿ, ನೈಫ್ ಎಡ್ಜ್ ಕಾಲುಸೇತುವೆಯ ಮೇಲೆ. ನಡುವಿನ ರೈಲು ಸೇತುವೆಯನ್ನು ನಡೆದೇ ದಾಟಿ. ರೈಲಿನ ಡಬ್ಬಿಗಳಿಗೆ ತುಂತುರು ತಗಲಬೇಕೆಂದು ಬ್ರಿಟಿಷ್ ವಸಾಹತುಗಾರ ಸೆಸಿಲ್ ರೋಡ್ಸ್ ಬಯಸಿದ್ದ. 1905ರಲ್ಲಿ ಸೇತುವೆ ತೆರೆಯುವ ಹೊತ್ತಿಗೆ ಅವನು ತೀರಿಕೊಂಡಿದ್ದ. ಉದ್ಘಾಟಿಸಿದ್ದು ಚಾರ್ಲ್ಸ್ ಡಾರ್ವಿನ್ ಅವರ ಮಗ ಜಾರ್ಜ್ ಡಾರ್ವಿನ್. ನೀರು ತುಂಬಿರುವ ತಿಂಗಳುಗಳ ಹುಣ್ಣಿಮೆಗೆ ಹೋದರೆ, ರಾತ್ರಿ ಉದ್ಯಾನ ತೆರೆದಿಡುತ್ತಾರೆ, ಬೆಳದಿಂಗಳ ಕಾಮನಬಿಲ್ಲು ನೋಡಬಹುದು. ಆನೆಗಳಿಗಾಗಿ ಬೋಟ್ಸ್‌ವಾನಾದ ಚೋಬೆಗೆ ಒಂದು ದಿನ ಹೋಗಿಬಂದರಾಯಿತು.

ಚೋಬೆಗಿಂತ ಮೊದಲು ಜಲಪಾತದ ಕೆಳಗಿನ ಬಟೋಕಾ ಕಮರಿಗೆ ಒಂದು ದಿನ ಮೀಸಲಿಡಿ ಎನ್ನುತ್ತೇನೆ. ಬಂಗೀ, ಹೆಲಿಕಾಪ್ಟರ್ ಎಂದು ಓಡಾಡುವವರು ಇದನ್ನು ಬಿಟ್ಟುಬಿಡುತ್ತಾರೆ. ರಾಫ್ಟಿಂಗ್ ಮಾಡುವವರಿಗೆ ಇಲ್ಲಿನ ಭೋರ್ಗರೆಯುವ ಇಳಿಜಾರುಗಳು ಜಗತ್ತಿನಲ್ಲೇ ಹೆಸರಾದವು. ಅಪರೂಪದ ಟೈಟಾ ಫಾಲ್ಕನ್ ಎಂಬ ಗಿಡುಗ ಗೂಡು ಕಟ್ಟುವ ಜಾಗಗಳಲ್ಲಿ ಈ ಗೋಡೆಗಳೂ ಸೇರಿವೆ. ಜಲಪಾತದಿಂದ ಸುಮಾರು 50 ಕಿಲೋಮೀಟರ್ ಕೆಳಗೆ ದೊಡ್ಡ ಅಣೆಕಟ್ಟು ಕಟ್ಟುವ ಯೋಜನೆ ಎರಡೂ ದೇಶಗಳ ಮುಂದೆ ಬಹುಕಾಲದಿಂದ ಇದೆ. ಎರಡೂ ಕಡೆ ಕರೆಂಟಿನ ಬವಣೆ ದೊಡ್ಡದು, ಬೇಡವೆನ್ನುವುದು ಸುಲಭವಲ್ಲ. ಆದರೆ ಅದು ಎದ್ದರೆ ಈ ಇಳಿಜಾರುಗಳಲ್ಲಿ ಹಲವು ಮುಳುಗುತ್ತವೆ. ಹೋಗುವ ಮನಸ್ಸಿದ್ದವರು ಮುಂದೂಡಬೇಡಿ.