ಓದಿನ ಲೆಕ್ಕ ಮತ್ತು ಷರಾ

ಹೋದ ಡಿಸೆಂಬರಿನ ಕೊನೆಯ ವಾರ ನಾನು ಬಾಳೂರಿನ ಮನೆಯಲ್ಲಿದ್ದೆ. ಕಾಫಿ ಕೊಯ್ಲಿನ ದಿನಗಳು. ಕಣದಲ್ಲಿ ಹಣ್ಣು ಒಣಗುತ್ತಿತ್ತು. ಫೋನಿನಲ್ಲಿ ಬೇರೆಯದೇ ಸುಗ್ಗಿ ನಡೆದಿತ್ತು: ‘ಈ ವರ್ಷ ಓದಿದ್ದು 74’, ‘ನನ್ನ ವರ್ಷದ ಹತ್ತು’, ‘ಗುರಿ 50, ಮುಟ್ಟಿದ್ದು 53’. ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ ತೆಗೆದ ಚಿತ್ರಗಳು. ನಾನೂ ನನ್ನ ಪಟ್ಟಿ ತೆರೆದೆ. ಗುರಿ 52 ಇಟ್ಟುಕೊಂಡಿದ್ದೆ, ಓದಿದ್ದು 48. ಇನ್ನು ಐದು ದಿನ ಬಾಕಿ. ಎದ್ದು ಹೋಗಿ ಕಪಾಟಿನಲ್ಲಿ ತೆಳ್ಳಗಿನ ಪುಸ್ತಕ ಹುಡುಕತೊಡಗಿದೆ. ಒಂದು ಏಕಾಂಕ, ಎರಡು ಕವನ ಸಂಕಲನ, ಒಂದು ಉಪನ್ಯಾಸದ ಕಿರುಹೊತ್ತಗೆ. ನಾಲ್ಕೂ ಸಿಕ್ಕವು.

ಅದೇ ಸಾಲಿನಲ್ಲಿ ‘ಮಲೆಗಳಲ್ಲಿ ಮದುಮಗಳು’ ಇತ್ತು. ಮತ್ತೊಮ್ಮೆ ಓದಬೇಕೆಂದು ಜೂನ್ ತಿಂಗಳಲ್ಲೇ ತೆಗೆದಿಟ್ಟಿದ್ದೆ. ಯಾಕೆ ಓದಲಿಲ್ಲ ಎಂದು ನಿಂತು ಯೋಚಿಸಿದಾಗ ಸಿಕ್ಕ ಉತ್ತರಕ್ಕೆ ನಾಚಿಕೆಯಾಯಿತು. ಅಷ್ಟು ದೊಡ್ಡ ಕಾದಂಬರಿ ಲೆಕ್ಕಕ್ಕೆ ಬರುವುದು ಒಂದು ಪುಸ್ತಕವಾಗಿ ಮಾತ್ರ. ಅದನ್ನು ಓದುವ ಹೊತ್ತಿಗೆ ಬೇರೆ ಐದಾರು ಮುಗಿಸಬಹುದು. ಸಾಹಿತ್ಯದಲ್ಲಿ ಸಂಶೋಧನೆ ಮಾಡುವ ನಾನು ಪುಸ್ತಕ ಆರಿಸುತ್ತಿದ್ದದ್ದು ಪುಟಸಂಖ್ಯೆ ನೋಡಿ. ಪಾತ್ರಗಳಲ್ಲಿ ದೊಡ್ಡವರು ಚಿಕ್ಕವರೆಂಬ ಶ್ರೇಣಿಯನ್ನೇ ಒಪ್ಪದ ಕಾದಂಬರಿಯೊಂದನ್ನು, ಶ್ರೇಣಿ ಹಾಕುವ ಚಟಕ್ಕೆ ಬಿದ್ದು ಆರು ತಿಂಗಳು ಮುಂದೂಡಿದ್ದೆ.

ಓದಿದ್ದನ್ನು ಬರೆದಿಡುವ ಅಭ್ಯಾಸ ಹೊಸದಲ್ಲ. ನಮ್ಮ ತಲೆಮಾರಿನವರಿಗೆ ಅದು ಗುಡ್‌ರೀಡ್ಸ್ ಮೂಲಕ ಬಂತು. 2007ರಲ್ಲಿ ಶುರುವಾದ ಈ ತಾಣವನ್ನು 2013ರಲ್ಲಿ ಅಮೆಜಾನ್ ಕೊಂಡಿತು. ಪುಸ್ತಕ ಮಾರುವವರ ಕೈಯಲ್ಲೇ ಓದಿನ ಲೆಕ್ಕದ ಪುಸ್ತಕವೂ ಇದೆ ಎಂಬುದನ್ನು ಮರೆಯಬಾರದು. ವರ್ಷದ ಗುರಿ, ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ, ಒಂದರಿಂದ ಐದರವರೆಗೆ ನಕ್ಷತ್ರ. ನಾನು 2017ರಿಂದ ಅದನ್ನು ಬಳಸುತ್ತಿದ್ದೇನೆ. ಇವುಗಳಲ್ಲಿ ಲೆಕ್ಕ ಇಡುವುದು ಒಂದು ಕೆಲಸ, ಅಂಕ ಹಾಕುವುದು ಇನ್ನೊಂದು. ಎರಡೂ ಒಂದೇ ಪರದೆಯ ಮೇಲೆ ಇರುವುದರಿಂದ ನಾವು ಅವನ್ನು ಒಂದೇ ಎಂದುಕೊಂಡಿದ್ದೇವೆ. ಅವು ಬೇರೆ ಬೇರೆ ಎಂದು ಹೇಳುವುದಕ್ಕೇ ಈ ಬರಹ.

ಲೆಕ್ಕದಿಂದ ನನಗೆ ಲಾಭವೇ ಆಗಿದೆ. 2022ರ ನನ್ನ ಪಟ್ಟಿಯಲ್ಲಿ 61 ಪುಸ್ತಕಗಳಿದ್ದವು. ಎಣಿಸಿ ನೋಡಿದರೆ ಅವುಗಳಲ್ಲಿ ಹೆಂಗಸರು ಬರೆದದ್ದು ಒಂಬತ್ತು. ಮಲಯಾಳ, ತಮಿಳು, ತೆಲುಗಿನಿಂದ ಕನ್ನಡಕ್ಕೆ ಬಂದದ್ದು ಮೂರು. ನಾನು ವಿಶಾಲವಾಗಿ ಓದುವವಳು ಎಂದೇ ನಂಬಿಕೊಂಡಿದ್ದೆ. ಆ ನಂಬಿಕೆಯನ್ನು ಒಡೆದದ್ದು ಯಾವ ವಿಮರ್ಶಕರೂ ಅಲ್ಲ, ನನ್ನದೇ ಪಟ್ಟಿ. ಏನು ಓದಿಲ್ಲ ಎಂಬುದನ್ನು ಪಟ್ಟಿ ತೋರಿಸುತ್ತದೆ. ನಕ್ಷತ್ರಗಳು ಅದನ್ನು ತೋರಿಸಲಾರವು.

ನಕ್ಷತ್ರಗಳು ಏನು ತೋರಿಸುತ್ತವೆ? ಕನ್ನಡದ ಮಟ್ಟಿಗಂತೂ ಬಹಳ ಸಲ ಸ್ನೇಹವನ್ನು. ನಮ್ಮದು ಚಿಕ್ಕ ಓದುಗವಲಯ. ಲೇಖಕರು, ಓದುಗರು, ಪ್ರಕಾಶಕರು ಒಂದೇ ಪುಸ್ತಕ ಬಿಡುಗಡೆಯಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತಿರುತ್ತಾರೆ. ಗುಡ್‌ರೀಡ್ಸ್‌ನ ಅರ್ಥದಲ್ಲಿ ಮೂರು ನಕ್ಷತ್ರವೆಂದರೆ ‘ಇಷ್ಟವಾಯಿತು’ ಎಂದು. ನಮ್ಮಲ್ಲಿ ಮೂರು ಕೊಟ್ಟರೆ ಜಗಳ ಆಡಿದಂತೆ. ಹಾಗಾಗಿ ನಾಲ್ಕು, ಐದರ ನಡುವೆಯೇ ಎಲ್ಲ ಓಡಾಡುತ್ತದೆ. ಇನ್ನು ಸರಾಸರಿಯ ಕಥೆ ಬೇರೆ. ಒಂದು ಪುಸ್ತಕಕ್ಕೆ ಅರ್ಧ ಜನ ಐದು, ಅರ್ಧ ಜನ ಒಂದು ಕೊಟ್ಟರೂ ಸರಾಸರಿ ಮೂರು. ಎಲ್ಲರೂ ಬೇಸರದಿಂದ ಮೂರು ಕೊಟ್ಟರೂ ಮೂರೇ. ಮೊದಲನೆಯ ಪುಸ್ತಕದ ಸುತ್ತ ಒಂದು ದೊಡ್ಡ ವಾಗ್ವಾದವಿದೆ, ಎರಡನೆಯದರ ಸುತ್ತ ಏನೂ ಇಲ್ಲ. ಸಂಖ್ಯೆಗೆ ಇದು ಕಾಣುವುದಿಲ್ಲ.

ಕನ್ನಡ ವಿಮರ್ಶೆಯಲ್ಲಿ ‘ತಾರತಮ್ಯ ಜ್ಞಾನ’ ಎಂಬ ಮಾತಿದೆ. ಈಗ ತಾರತಮ್ಯ ಎಂದರೆ ಭೇದಭಾವ ಎಂಬ ಅರ್ಥವೇ ಮುಂದಾಗಿದೆ. ಆದರೆ ಆ ಪದ ಹುಟ್ಟಿದ್ದು ‘ತರ’, ‘ತಮ’ ಎಂಬ ಪ್ರತ್ಯಯಗಳಿಂದ. ಉಚ್ಚತರ, ಉಚ್ಚತಮ ಎನ್ನುತ್ತೇವಲ್ಲ, ಅದೇ. ಒಂದನ್ನು ಇನ್ನೊಂದರ ಪಕ್ಕ ಇಟ್ಟು, ಯಾವುದು ಯಾವುದರಲ್ಲಿ ಹೆಚ್ಚು ಎಂದು ನೋಡುವುದು. ‘ಯಾವುದರಲ್ಲಿ’ ಎಂಬ ಪ್ರಶ್ನೆಯೇ ಅದರ ಜೀವ. ನಾನು ಒಂದು ಮೊದಲ ಕಥಾಸಂಕಲನಕ್ಕೂ ನಾಲ್ಕು ಕೊಟ್ಟಿದ್ದೇನೆ, ‘ಚಿದಂಬರ ರಹಸ್ಯ’ಕ್ಕೂ ನಾಲ್ಕು ಕೊಟ್ಟಿದ್ದೇನೆ. ಇದು ತಾರತಮ್ಯವೂ ಅಲ್ಲ, ಸಮಾನತೆಯೂ ಅಲ್ಲ. ಯೋಚಿಸದೆ ಒತ್ತಿದ ಗುಂಡಿ, ಅಷ್ಟೆ.

ಇದೆಲ್ಲ ನನಗೆ ಸ್ಪಷ್ಟವಾದದ್ದು ಅಪ್ಪನ ಮಳೆ ಪುಸ್ತಕದಿಂದ. ಅಪ್ಪ ಬಹಳ ವರ್ಷ ಎಸ್ಟೇಟಿನಲ್ಲಿ ರೈಟರಾಗಿದ್ದವರು. ಚೆಕ್‌ರೋಲ್ ಬರೆಯುವುದು, ಬಟವಾಡೆಯ ಲೆಕ್ಕ ಮಾಡುವುದು, ಬೆಳಿಗ್ಗೆ ಎದ್ದು ಮಳೆ ಅಳೆಯುವುದು ಅವರ ಕೆಲಸ. ನಿವೃತ್ತಿಯಾದ ಮೇಲೂ ಮನೆಯಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ಅಳೆಯುತ್ತಾರೆ. ನಮ್ಮ ಕಡೆ ಕಾಫಿ ಬೆಳೆಯುವ ಮನೆಗಳಲ್ಲಿ ಇದು ಸಾಮಾನ್ಯ. ಇಂಚು, ಸೆಂಟ್ಸ್ ಲೆಕ್ಕದಲ್ಲಿ ದಶಕಗಳ ಮಳೆ ಪುಸ್ತಕಗಳಲ್ಲಿ ಕೂತಿರುತ್ತದೆ. ಮಳೆ ಇಲ್ಲದ ದಿನಕ್ಕೂ ಒಂದು ಅಡ್ಡಗೆರೆ ಇರುತ್ತದೆ. ಪುಟದ ಬಲಬದಿಯಲ್ಲಿ ಕೊನೆಯ ಕಾಲಂ: ಷರಾ.

ಚಿಕ್ಕವಳಿದ್ದಾಗ ನಾನು ಅದರಲ್ಲಿ ದೊಡ್ಡ ಸಂಖ್ಯೆ ಹುಡುಕುತ್ತಿದ್ದೆ. ಜುಲೈನ ಯಾವುದೋ ದಿನ ಏಳು ಇಂಚು ಎಂದಿದ್ದರೆ ಅದೇ ಶ್ರೇಷ್ಠ ದಿನ. ಅಪ್ಪ ನಗುತ್ತಿದ್ದರು. ‘ಎಷ್ಟು ಬಂತು ಅನ್ನೋದಲ್ಲ ಮಾರಾಯ್ತಿ, ಯಾವಾಗ ಬಂತು ಅನ್ನೋದು.’ ವರ್ಷಕ್ಕೆ ನೂರು ಇಂಚು ದಾಟುವ ಸೀಮೆಯಲ್ಲಿ ಜುಲೈನ ಒಂದು ಇಂಚಿಗೆ ಬೆಲೆಯಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಬಿದ್ದ ಅದೇ ಒಂದು ಇಂಚು ಹೂಮಳೆ. ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ವರ್ಷದ ಫಸಲು ಅದರ ಮೇಲೆ ನಿಂತಿರುತ್ತದೆ. ಜನವರಿಯಲ್ಲಿ ಬಿದ್ದರೆ ಅದೇ ಒಂದು ಇಂಚು ಶಾಪ. ಕಣದಲ್ಲಿ ಹರಡಿದ ಕಾಫಿ ನೆನೆಯುತ್ತದೆ, ಮೊಗ್ಗು ಹೊತ್ತಲ್ಲದ ಹೊತ್ತಿನಲ್ಲಿ ಬಿರಿಯುತ್ತದೆ. ಮೂರು ಕಡೆಯೂ ಬರೆದಿರುವುದು 1.00 ಎಂದೇ. ವ್ಯತ್ಯಾಸ ತಿಳಿಯುವುದು ತಾರೀಕಿನಿಂದ ಮತ್ತು ಷರಾದಿಂದ. ‘ಹೂಮಳೆ.’ ‘ಚೆರ್ರಿ ನೆನೆಯಿತು.’ ಒಂದೆರಡು ಪದ ಸಾಕು.

ಪುಸ್ತಕವೂ ಹೀಗೆ ಒಂದು ಹೊತ್ತಿನಲ್ಲಿ ನಮ್ಮ ಮೇಲೆ ಬೀಳುತ್ತದೆ. ನನ್ನ ಪಟ್ಟಿಯಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ತೇಜಸ್ವಿಯವರ ‘ಕರ್ವಾಲೊ’. ಅದು ಪ್ರಕಟವಾದದ್ದು 1980ರಲ್ಲಿ. ನಾನು ಓದಿದ್ದು 2017ರಲ್ಲಿ, ಪದವಿಯ ಎರಡನೇ ವರ್ಷ. ಕೊಟ್ಟದ್ದು ಮೂರು ನಕ್ಷತ್ರ. ಊರು ಬಿಟ್ಟು ಹಾಸ್ಟೆಲಿಗೆ ಹೋಗಿದ್ದೆ. ದೂರದ ರಷ್ಯಾ, ಕೊಲಂಬಿಯಾಗಳ ಕಾದಂಬರಿಗಳ ಮೋಹ ಹತ್ತಿತ್ತು. ‘ಕರ್ವಾಲೊ’ದಲ್ಲಿ ಇದ್ದದ್ದು ಮೂಡಿಗೆರೆ, ಜೇನು, ನಾಯಿ, ಜೀಪು, ಕಾಡು. ಇದರಲ್ಲೇನಿದೆ, ನಮ್ಮೂರೇ ಅಲ್ಲವಾ ಅನ್ನಿಸಿತ್ತು.

2020ರಲ್ಲಿ ಲಾಕ್‌ಡೌನ್ ಬಂದು ಊರಿಗೆ ಮರಳಿದೆ. ಮನೆಯಲ್ಲಿ ಬೇರೆ ಪುಸ್ತಕ ಇಲ್ಲದೆ ಮತ್ತೆ ಓದಿದೆ. ಆಗ ಕಂಡದ್ದು, ಆ ಕಾದಂಬರಿಯ ಒಳಗೇ ಬೆಲೆ ಕಟ್ಟುವುದರ ಪ್ರಶ್ನೆ ಇದೆ ಎಂಬುದು. ಊರಿನ ಲೆಕ್ಕದಲ್ಲಿ ಮಂದಣ್ಣ ಯಾವ ಕೆಲಸಕ್ಕೂ ಬಾರದವನು. ಮಂದಣ್ಣನಿಗೂ ತನ್ನ ಬಗ್ಗೆ ಬೇರೆ ಲೆಕ್ಕವಿಲ್ಲ. ಅವನಿಗೆ ಒಂದು ಮದುವೆ, ಒಂದು ಸಣ್ಣ ನೌಕರಿ ಆದರೆ ಸಾಕು. ಅದೇ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಹಾರುವ ಓತಿಯನ್ನು ಕಂಡಿರುವ ಕಣ್ಣು ಅವನದು. ಕಥೆ ಹೇಳುವ ನಿರೂಪಕ ಈ ಎರಡು ಅಳತೆಗಳ ನಡುವೆ ತೂಗಾಡುತ್ತಾನೆ. ಮೊದಮೊದಲು ಅವನಿಗೆ ಕರ್ವಾಲೊ ಅವರಂಥವರು ಮಂದಣ್ಣನ ಹಿಂದೆ ಬೀಳುವುದೇ ಅರ್ಥವಾಗುವುದಿಲ್ಲ. ಅವನ ನೋಟ ನಿಧಾನವಾಗಿ ಬದಲಾಗುವುದೇ ಕಾದಂಬರಿಯ ನಡಿಗೆ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಅದನ್ನು ಸೋಲು ಎಂದು ಕಾದಂಬರಿ ಬರೆದುಕೊಳ್ಳುವುದಿಲ್ಲ.

ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಮಾಡಿದ್ದು ಊರು ಮಂದಣ್ಣನಿಗೆ ಮಾಡಿದ್ದನ್ನೇ. ದಿನಾ ಕಾಣುವುದಕ್ಕೆ ಏನು ಬೆಲೆ? ಆ ಮೂರು ನಕ್ಷತ್ರ ನಾನು ಕಾದಂಬರಿಗೆ ಕೊಟ್ಟದ್ದಲ್ಲ, ನಮ್ಮೂರಿಗೆ ಕೊಟ್ಟದ್ದು. ಇದು ತಿಳಿದ ಕೂಡಲೇ ಆ್ಯಪ್ ತೆರೆದು ಮೂರನ್ನು ಐದು ಮಾಡಿದೆ. ಹಳೆಯ ಮೂರು ಅಳಿಸಿಹೋಯಿತು. ಎಷ್ಟೋ ದಿನಗಳ ನಂತರ ಅನ್ನಿಸಿದ್ದು, ನನ್ನ ಓದಿನಲ್ಲಿ ನಡೆದ ನಿಜವಾದ ಸಂಗತಿ ಮೂರೂ ಅಲ್ಲ, ಐದೂ ಅಲ್ಲ. ಮೂರರಿಂದ ಐದಕ್ಕೆ ಬಂದ ದಾರಿ. ಲೆಕ್ಕದ ಪುಸ್ತಕ ಉಳಿಸಬೇಕಾದದ್ದು ಅದನ್ನು. ನಾನು ಬಳಸುತ್ತಿದ್ದ ಲೆಕ್ಕ ಅದನ್ನೇ ಒರೆಸಿಹಾಕಿತು. ಅಪ್ಪನ ಪುಸ್ತಕದಲ್ಲಿ ಈ ವರ್ಷದ ಮಳೆ ಬರೆಯುವಾಗ ಹೋದ ವರ್ಷದ್ದನ್ನು ಯಾರೂ ಅಳಿಸುವುದಿಲ್ಲ.

ಓದಿದ್ದನ್ನು ದಾಖಲಿಸುವ ಬೇರೆ ಬೇರೆ ಕ್ರಮಗಳು ಕನ್ನಡದಲ್ಲಿ ಹಳೆಯವೇ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಗದ್ಯ ಬರೆದವರ ಪಟ್ಟಿ ಇದೆ: ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಅವರ ಕನ್ನಡ ಗದ್ಯ ಒಂದೂ ನಮ್ಮ ಕೈಗೆ ಬಂದಿಲ್ಲ. ಪುಸ್ತಕಗಳು ಹೋದವು, ಪಟ್ಟಿ ಉಳಿಯಿತು. ಅವರು ಕನ್ನಡದಲ್ಲಿ ಗದ್ಯ ಬರೆದಿದ್ದರು ಎಂದು ನಮಗೆ ಗೊತ್ತಿರುವುದು ಆ ಪಟ್ಟಿಯಿಂದಲೇ. ಪಟ್ಟಿಯನ್ನು ಹಗುರವಾಗಿ ನೋಡಬಾರದೆಂದು ನಾನು ಹೇಳುವುದು ಇದಕ್ಕೆ. ಆದರೆ ಅವರನ್ನು ಓದಿದವರಿಗೆ ಏನಾಯಿತು ಎಂದು ಹೆಸರುಗಳಷ್ಟೇ ಹೇಳಲಾರವು. ಹದಿಮೂರನೇ ಶತಮಾನದಲ್ಲಿ ಮಲ್ಲಿಕಾರ್ಜುನ ಬೇರೆ ದಾರಿ ಹಿಡಿದ. ‘ಸೂಕ್ತಿಸುಧಾರ್ಣವ’ದಲ್ಲಿ ತಾನು ಮೆಚ್ಚಿದ ಪದ್ಯಗಳನ್ನೇ ಆರಿಸಿ ಇಟ್ಟ. ಮೂಲಕೃತಿ ಕಳೆದುಹೋದ ಪದ್ಯಗಳೂ ಹಾಗೆ ಉಳಿದುಕೊಂಡವು. ಇಪ್ಪತ್ತನೇ ಶತಮಾನಕ್ಕೆ ಬಂದರೆ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’. ಮೊದಲ ಸಂಪುಟ 1907ರಲ್ಲಿ, ಮೂರನೆಯದು 1929ರಲ್ಲಿ ಬಂತು. ನೂರಾರು ಕವಿಗಳಿಗೆ ಒಂದೇ ಕ್ರಮ: ಕವಿಯ ಹೆಸರು, ಕಾಲ, ಗ್ರಂಥ, ಶೈಲಿಯ ಬಗ್ಗೆ ಒಂದೆರಡು ಮಾತು, ಆಮೇಲೆ ಉದಾಹರಣೆಗೆ ಪದ್ಯಗಳು. ಆ ಮಾತನ್ನು ನೀವು ಒಪ್ಪದಿರಬಹುದು. ಒಪ್ಪದಿರಲು ಬೇಕಾದ ಪದ್ಯವನ್ನು ಅವರೇ ಕೆಳಗೆ ಕೊಟ್ಟಿದ್ದಾರೆ. ನಕ್ಷತ್ರ ಕೊಡುವವರು ಅಂಥ ಅವಕಾಶ ಕೊಡುವುದಿಲ್ಲ.

ಇದನ್ನೆಲ್ಲ ಹೇಳಿದಾಗ ನಮ್ಮ ವಿಭಾಗದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ನೇರವಾಗಿ ಕೇಳಿದಳು: ‘ಅಕ್ಕಾ, ನಿಮಗೆ ವಿಮರ್ಶೆ ಬರೆಯೋಕೆ ಬರುತ್ತೆ. ನಮಗೆ ಆ ಭಾಷೆ ಬರಲ್ಲ. ಸ್ಟಾರ್ ಕೊಟ್ಟರೆ ನಾವೂ ಓದಿದೀವಿ ಅಂತಾದರೂ ಗೊತ್ತಾಗುತ್ತೆ.’ ಈ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಎಷ್ಟೋ ವಿಮರ್ಶೆಗಳು ಕಥೆಯ ಸಾರಾಂಶ ಹೇಳಿ, ಲೇಖಕರಿಗೆ ಶುಭ ಕೋರಿ ಮುಗಿಯುತ್ತವೆ. ಅವುಗಳಿಗೆ ಹೋಲಿಸಿದರೆ ಎರಡು ನಕ್ಷತ್ರ ಕೊಟ್ಟ ಅನಾಮಿಕ ಓದುಗಿಯೇ ಪ್ರಾಮಾಣಿಕಳು. ವಿಮರ್ಶೆಯ ಭಾಷೆಯನ್ನು ನಾವು ವಿಶ್ವವಿದ್ಯಾಲಯದವರು ಎಷ್ಟು ಬಿಗಿ ಮಾಡಿಟ್ಟಿದ್ದೇವೆಂದರೆ, ಹೊರಗಿನವರಿಗೆ ಗುಂಡಿ ಒತ್ತುವುದೊಂದೇ ಉಳಿದಿದೆ.

ಆದರೆ ಷರಾ ಬರೆಯಲು ವಿಮರ್ಶೆಯ ಭಾಷೆ ಬೇಕಿಲ್ಲ. ‘ಚೆರ್ರಿ ನೆನೆಯಿತು’ ಎಂದು ಬರೆಯಲು ಅಪ್ಪ ಹವಾಮಾನ ಶಾಸ್ತ್ರ ಓದಿರಲಿಲ್ಲ. ‘ಬಸ್ಸಿನಲ್ಲಿ ಓದಿದೆ, ಕೊಟ್ಟಿಗೆಹಾರದಲ್ಲಿ ಇಳಿಯುವುದು ಮರೆತೆ’ ಎಂಬುದು ಐದು ನಕ್ಷತ್ರಕ್ಕಿಂತ ಹೆಚ್ಚು ಹೇಳುತ್ತದೆ. ‘ಎಲ್ಲರೂ ಹೊಗಳಿದರು, ನನಗೆ ಅರ್ಧದಲ್ಲೇ ಸಾಕಾಯಿತು, ಯಾಕೆಂದು ಗೊತ್ತಿಲ್ಲ’ ಎಂಬ ಸಾಲಿನಿಂದ ಒಂದು ಒಳ್ಳೆಯ ವಿಮರ್ಶೆ ಶುರುವಾಗಬಹುದು. ಇದನ್ನೇ ಆ ಹುಡುಗಿಗೂ ಹೇಳಿದೆ. ಅವಳು ಪೂರ್ತಿ ಒಪ್ಪಲಿಲ್ಲ. ಮಾಡಿ ನೋಡ್ತೀನಿ ಅಂದಳು.

ಈ ಜನವರಿಯಿಂದ ನಾನು ಒಂದು ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಹಾಕಿಕೊಂಡಿದ್ದೇನೆ. ತಾರೀಕು, ಪುಸ್ತಕ, ಎಲ್ಲಿ ಓದಿದ್ದು, ಕೈಯಾರೆ ಬರೆದುಕೊಂಡ ನಾಲ್ಕು ಸಾಲು, ಷರಾ. ಮರು ಓದಿಗೆ ಹೊಸ ಸಾಲು, ಹಳೆಯದನ್ನು ಹೊಡೆದುಹಾಕುವಂತಿಲ್ಲ. ಏನೂ ಓದದ ವಾರಕ್ಕೆ ಒಂದು ಅಡ್ಡಗೆರೆ. ಗುರಿಯ ಸಂಖ್ಯೆ ಬರೆದಿಲ್ಲ. ಮೊದಲ ನಮೂದು ‘ಮಲೆಗಳಲ್ಲಿ ಮದುಮಗಳು’. ಶುರು ಮಾಡಿ ಏಳು ವಾರವಾಯಿತು, ಇನ್ನೂ ಮುಗಿದಿಲ್ಲ. ಷರಾ ಕಾಲಂ ಮಾತ್ರ ಆಗಲೇ ತುಂಬಿ ಮುಂದಿನ ಪುಟಕ್ಕೆ ಹೋಗಿದೆ.