ಒಂದು ದರಪಟ್ಟಿಯ ವಿಮರ್ಶೆ

ಈ ಸಲ ವಿಮರ್ಶೆಗೆಂದು ನಾವು ಎತ್ತಿಕೊಂಡಿರುವ ಬರಹಕ್ಕೆ ಕರ್ತೃವಿನ ಹೆಸರಿಲ್ಲ, ಮುನ್ನುಡಿಯೂ ಇಲ್ಲ. ಆದರೂ ಹೈದರಾಬಾದಿನ ಕನ್ನಡ ಮನೆಗಳಲ್ಲಿ ತಪ್ಪದೆ ಓದಿಸಿಕೊಳ್ಳುವ ಬರಹ ಬಹುಶಃ ಇದೊಂದೇ. ಅದು ಅಂಗಡಿಯ ಗಾಜಿಗೆ ಅಂಟಿಸಿರುವ, ಫೋನಿನೊಳಗೂ ತೆರೆದುಕೊಳ್ಳುವ ರೀಚಾರ್ಜ್ ದರಪಟ್ಟಿ. ಓದುಗರು ನಗಬಾರದು. ಹಾಲು, ಕರೆಂಟು ಬಿಲ್ಲಿನ ಸಾಲಿಗೆ ಸೇರಿಹೋಗಿರುವ ಈ ಖರ್ಚಿನ ಗುಣದೋಷಗಳನ್ನು ಒಮ್ಮೆಯಾದರೂ ತೂಗಿ ನೋಡುವುದು ಅಗತ್ಯವೆಂದು ನಮ್ಮ ಭಾವನೆ.

ಮೊದಲು ಗುಣವನ್ನು ಹೇಳೋಣ. 1956ರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆಮೇಲೆ ಗಡಿ ಬಂತು. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯ್ದವರೂ, ದರ ಇಳಿಯಲೆಂದು ರಾತ್ರಿ ಹೊತ್ತು ಎಸ್‌ಟಿಡಿ ಬೂತಿನ ಮುಂದೆ ನಿಂತವರೂ ನಮ್ಮಲ್ಲಿ ಇನ್ನೂ ಇದ್ದಾರೆ. ಮೊಬೈಲು ಬಂದ ಮೇಲೂ ಊರಿಗೆ ಹೋದರೆ ‘ರೋಮಿಂಗ್’ ಎಂದು, ಬಂದ ಕರೆಗೂ ದುಡ್ಡು ತೆರುತ್ತಿದ್ದೆವು. 2015ರ ಜುಲೈ 3ರಿಂದ, ರಾಜ್ಯ ಬದಲಾದರೂ ಅದೇ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಅನುಕೂಲ ದೊರೆಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ನಂತರ ನಿಮಿಷ ಎಣಿಸಿ ಮಾತಾಡುವ ಚಿಂತೆಯೂ ಕ್ರಮೇಣ ತಪ್ಪಿತು. ಇಮ್ಲಿಬನ್‌ನಲ್ಲಿ ಬೀದರ್ ಬಸ್ಸು ಹತ್ತುವವನಿಗೆ ಇದು ಸಣ್ಣ ಉಪಕಾರವಲ್ಲ.

ಇನ್ನು ದೋಷ. ದರಪಟ್ಟಿಯ ಭಾಷೆಯಲ್ಲಿ ತಿಂಗಳೆಂದರೆ 28 ದಿನ. ಫೆಬ್ರವರಿಯೊಂದೇ ಇದಕ್ಕೆ ಸಾಕ್ಷಿ ಹೇಳೀತು. 28ನ್ನು 13ರಿಂದ ಗುಣಿಸಿದರೆ 364. ಎಂದರೆ ವರ್ಷಕ್ಕೆ ಹದಿಮೂರು ಸಲ ‘ಕರೆನ್ಸಿ ಹಾಕಿಸಬೇಕು’. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ, ಜಿಯೋದ ದಿನಕ್ಕೆ ಒಂದೂವರೆ ಜಿಬಿಯ 28 ದಿನಗಳ ಪ್ಲಾನು 239 ರೂಪಾಯಿಯಿಂದ 299ಕ್ಕೆ ಏರಿತು. ಆ ದರದಲ್ಲಿ ಹನ್ನೆರಡು ಸಲಕ್ಕೆ 3,588 ರೂಪಾಯಿ, ಹದಿಮೂರು ಸಲಕ್ಕೆ 3,887. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 30 ದಿನಗಳ ಪ್ಲಾನನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಪ್ಲಾನನ್ನೂ ಕೊಡಲೇಬೇಕೆಂದು 2022ರ ಜನವರಿಯಲ್ಲಿ ನಿಯಮ ಮಾಡಿತು. ಅವು ಪಟ್ಟಿಯ ಯಾವುದೋ ಮೂಲೆಯಲ್ಲಿರುತ್ತವೆ; ಹುಡುಕಬೇಕು.

ಎರಡನೆಯ ದೋಷ ‘ದಿನಕ್ಕೆ ಇಷ್ಟು’ ಎಂಬ ಪಡಿತರ. ದಿನಕ್ಕೆ ಒಂದೂವರೆ ಜಿಬಿ ಎಂದರೆ 28 ದಿನಕ್ಕೆ 42 ಜಿಬಿ. ಮನೆಯಲ್ಲೂ ಕಚೇರಿಯಲ್ಲೂ ವೈಫೈ ಇರುವ ನಾವು ಫೋನಿನ ಸೆಟ್ಟಿಂಗ್ಸಿನಲ್ಲಿ ಡೇಟಾ ಬಳಕೆಯ ಲೆಕ್ಕ ತೆಗೆದು ನೋಡಿದರೆ, ಹನ್ನೊಂದು ಜಿಬಿಯೂ ಮುಟ್ಟಿರಲಿಲ್ಲ. ಮಿಕ್ಕ ಅನ್ನ ಬೆಳಿಗ್ಗೆ ಒಗ್ಗರಣೆ ಅನ್ನವಾಗುತ್ತದೆ. ಮಿಕ್ಕ ಡೇಟಾ ನಡುರಾತ್ರಿಗೆ ಸೊನ್ನೆಯಾಗುತ್ತದೆ. ಆದ್ದರಿಂದ ಪ್ಲಾನು ಆರಿಸುವ ಮೊದಲು ಎರಡು ತಿಂಗಳ ಸ್ವಂತ ಲೆಕ್ಕ ನೋಡಿಕೊಳ್ಳುವುದು ಲೇಸು. ವೈಫೈ ಇದ್ದವರಿಗೆ ದಿನದ ಮಿತಿಯಿಲ್ಲದೆ ಇಡೀ ಅವಧಿಗೆ ಇಷ್ಟೆಂದು ಕೊಡುವ ಸಣ್ಣ ಪ್ಲಾನೇ ಸಾಕಾದೀತು. ದಿನವಿಡೀ ಬೈಕಿನ ಮೇಲೆ ಊಟ ತಲುಪಿಸುವ ಹುಡುಗನಿಗೆ, ಬಾಡಿಗೆ ಕೋಣೆಯಲ್ಲಿ ಓದುವ ವಿದ್ಯಾರ್ಥಿಗೆ ದಿನದ ಪಡಿಯೇ ಸರಿ. ಮತ್ತೊಬ್ಬರ ಪ್ಲಾನು ಮತ್ತೊಬ್ಬರ ಅಂಗಿಯಂತೆ.

ಪ್ಲಾನಿನ ಹಿಂದೆಯೇ ಬರುವ ಪ್ರಶ್ನೆ ಹೊಸ ಫೋನಿನದು. 5ಜಿ ಫೋನು ಕೊಂಡವರಿಗೆ ಈ ಎರಡರ ನಂಟು ಗೊತ್ತು. 2024ರ ಏರಿಕೆಯ ವೇಳೆ ಜಿಯೋ, ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಮೇಲಿನ ಪ್ಲಾನುಗಳಿಗೆ ಮಾತ್ರ ಮೀಸಲಿಟ್ಟಿತು. ಹೀಗೆ ಫೋನು ಪ್ಲಾನನ್ನು ಎಳೆಯುತ್ತದೆ, ಪ್ಲಾನು ಫೋನನ್ನು ಎಳೆಯುತ್ತದೆ. ನಡುವೆ ಎಳೆದಾಡಿಸಿಕೊಳ್ಳುವುದು ನಮ್ಮ ಜೇಬು. ಫೋನಿನ ಮೇಲಿನ ತೆರಿಗೆಯೂ 2020ರ ಏಪ್ರಿಲಿನಲ್ಲಿ ಶೇಕಡಾ 12ರಿಂದ 18ಕ್ಕೆ ಏರಿದೆ.

ಹಾಗಾದರೆ ಫೋನು ಯಾವಾಗ ಬದಲಿಸಬೇಕು? ಗೀರು ಬಿದ್ದಾಗಲ್ಲ, ನೆರೆಮನೆಯವರು ಕೊಂಡಾಗಲೂ ಅಲ್ಲ. ತಯಾರಕರು ಸುರಕ್ಷತೆಯ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿದಾಗ, ಇಲ್ಲವೆ ಬ್ಯಾಂಕಿನ ಆ್ಯಪ್ ನಡೆಯದಾದಾಗ ಬದಲಿಸಬೇಕು. ಹಣವೆಲ್ಲ ಫೋನಿನ ಮೂಲಕವೇ ಓಡಾಡುವ ಈ ಕಾಲದಲ್ಲಿ ಹಳೆಯ ಬೀಗ ನೆಚ್ಚುವುದು ಜಾಣತನವಲ್ಲ. ಕೊಳ್ಳುವಾಗಲೇ ‘ಅಪ್‌ಡೇಟ್ ಎಷ್ಟು ವರ್ಷ?’ ಎಂದು ಕೇಳಿರಿ. 2024ರಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24 ಫೋನುಗಳಿಗೆ ಏಳು ವರ್ಷದ ಮಾತು ಕೊಟ್ಟಿತು. ಅಗ್ಗದ ಫೋನುಗಳಿಗೆ ಸಾಮಾನ್ಯವಾಗಿ ಅಷ್ಟು ಆಯುಷ್ಯವಿಲ್ಲ. ಚಾರ್ಜು ನಿಲ್ಲದಿದ್ದರೆ ದೋಷ ಬಹುಮಟ್ಟಿಗೆ ಬ್ಯಾಟರಿಯದು, ಫೋನಿನದಲ್ಲ. ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿಗೆ ಒಂದು ಸಂಜೆ ಹೋಗಿಬಂದರೆ ತೀರುವ ಕೆಲಸಕ್ಕೆ ಹದಿನೈದು ಸಾವಿರ ಸುರಿಯುವವರನ್ನು ಕಂಡಿದ್ದೇವೆ.

ಇಷ್ಟು ಹೊತ್ತು ಕಂಪನಿಗಳನ್ನು ವಿಮರ್ಶಿಸಿದೆವು. ಈಗ ನಮ್ಮನ್ನೇ ವಿಮರ್ಶಿಸಿಕೊಳ್ಳುವ ಸರದಿ. ನಾವು ಹೊಸ ಫೋನು ಕೊಂಡಾಗ ಹಳೆಯದನ್ನು ಏನು ಮಾಡುತ್ತೇವೆ? ಊರಿಗೆ ಹೋದಾಗ ಅವ್ವನ ಕೈಗಿಟ್ಟು ಬರುತ್ತೇವೆ. ಬೀದರ್ ಜಿಲ್ಲೆಯ ಹಳ್ಳಿಯಲ್ಲಿರುವ ನಮ್ಮ ತಾಯಿಗೆ ನಾವೂ ಹಾಗೆಯೇ ಕೊಟ್ಟೆವು. ಮೂರು ದಿನ ಫೋನು ಎತ್ತಲಿಲ್ಲವೆಂದು ಗಾಬರಿಯಿಂದ ಓಡಿಹೋಗಿ ಕೇಳಿದರೆ, ‘ತಮ್ಮಾ, ಇದು ಮಧ್ಯಾಹ್ನದ ತನಕ ಇರ್ತದ, ಆಮ್ಯಾಲ ಮಲಗ್ತದ. ಕರೆಂಟ್ ಬಂದಾಗ ಎಬ್ಬಸ್ತೀನಿ’ ಎಂದರು. ಮೂರು ದಿನದಿಂದ ಕರೆಂಟು ಸರಿಯಾಗಿ ಬಂದಿರಲಿಲ್ಲ. ನಮಗೆ ಬೇಡವಾದ ಬ್ಯಾಟರಿಯನ್ನು ಎಲ್ಲರಿಗಿಂತ ಹೆಚ್ಚು ಬೇಕಾದವರಿಗೆ ದಾನ ಮಾಡಿದ್ದೆವು! ಅದರಲ್ಲಿ ದಿನಕ್ಕೆ ಒಂದೂವರೆ ಜಿಬಿಯ ಕರೆನ್ಸಿಯನ್ನೂ ತುಂಬುತ್ತಿದ್ದೆವು. ಅವರಿಗೆ ಓದು ಬಾರದು, ಬೇಕಾದದ್ದು ನಮ್ಮ ದನಿ ಮಾತ್ರ.

ಇಂಥವರಿಗಾಗಿಯೇ ಟ್ರಾಯ್ 2024ರ ಡಿಸೆಂಬರಿನಲ್ಲಿ, ಡೇಟಾ ಸೇರಿಸದೆ ಕರೆ ಮತ್ತು ಎಸ್ಎಂಎಸ್‌ಗಳಿಗಷ್ಟೇ ಪ್ರತ್ಯೇಕ ಪ್ಲಾನು ಕೊಡಬೇಕೆಂದು ವಿಧಿಸಿತು. ಅವಧಿ 365 ದಿನಗಳವರೆಗೂ ಇರಬಹುದೆಂದಿತು. ವರ್ಷಕ್ಕೊಂದೆರಡು ಸಲ ರೀಚಾರ್ಜ್ ಮಾಡಿಸಿದರೆ ಪಿಂಚಣಿ, ಬ್ಯಾಂಕು, ಆಧಾರ್‌ಗೆ ಜೋಡಿಸಿದ ನಂಬರು ಜೀವಂತವಾಗಿರುತ್ತದೆ. ನಾವು ಅವ್ವನಿಗೆ ಅದನ್ನೇ ಹಾಕಿಸಿ, ಹೊಸದೊಂದು ಬಟನ್ ಸೆಟ್ಟು ಕೊಡಿಸಿದೆವು. ಮೊಮ್ಮಕ್ಕಳ ಮುಖ ನೋಡಬೇಕೆನಿಸಿದಾಗ ತಂಗಿಯ ಮನೆಯ ಫೋನಿದೆ.

ಒಟ್ಟಿನಲ್ಲಿ, ಈ ದರಪಟ್ಟಿ ಉಪಯುಕ್ತವಾದರೂ ನೇರವಾದ ಬರಹವಲ್ಲ. ಸಾಲುಗಳ ನಡುವೆ ಓದಬೇಕಾದದ್ದು. ನಾವು ಒಂದು ಸೂಚನೆ ಮಾಡಲಿಚ್ಛಿಸುತ್ತೇವೆ. ಮುಂದಿನ ಸಲ ಹೊಸ ಫೋನು ಕೊಳ್ಳಲು ಮನಸ್ಸು ಮಾಡಿದಾಗ, ಊರಿನಲ್ಲಿರುವ ಹಿರಿಯರ ಫೋನು ಸಂಜೆಯ ತನಕ ನಿಲ್ಲುತ್ತದೆಯೇ ಎಂದು ಮೊದಲು ವಿಚಾರಿಸಿರಿ. ಇಲ್ಲವೆಂದಾದರೆ ಹೊಸದು ಅವರ ಪಾಲಿಗೆ ಹೋಗಲಿ, ಹಳೆಯದರ ಬ್ಯಾಟರಿ ಬದಲಿಸಿ ನಾವೇ ಇಟ್ಟುಕೊಳ್ಳೋಣ. ನಮಗಾದರೋ ಚಾರ್ಜರ್ ಚುಚ್ಚಲು ಹೆಜ್ಜೆಹೆಜ್ಜೆಗೂ ಜಾಗವಿದೆ.