ಮಿಶನರಿಗಳ ಸುಖ-ದುಃಖ: ಯಾರ ಖಾತೆಗೆ ಎಷ್ಟು?

ಊರು ಬಿಟ್ಟು ಬದುಕಿದವರ ಬರವಣಿಗೆ ಅಂದಕೂಡಲೇ ನಾವು ಕನ್ನಡಿಗರಿಗೆ ನೆನಪಾಗುವುದು ನಾವೇ. ಮುಂಬಯಿಯ ಹೋಟೆಲುಗಳಿಗೆ ಬಂದವರು, ಪುಣೆಯ ಕಾರಖಾನೆಗಳಿಗೆ ಬಂದವರು, ನನ್ನ ಹಾಗೆ ಬ್ಯಾಂಕಿನ ವರ್ಗಾವಣೆ ಹಿಡಿದು ಹೈದರಾಬಾದು, ಚೆನ್ನೈ ಸುತ್ತಿ ಕೊನೆಗೆ ಪುಣೆಯಲ್ಲಿ ನಿಂತವರು. ಆದರೆ ತಮ್ಮ ಊರು ಬಿಟ್ಟು ನಮ್ಮ ನಾಡಿಗೇ ಬಂದು, ಹತ್ತಾರು ವರ್ಷ ಇದ್ದು, ಅದರ ಬಗ್ಗೆ ರಾಶಿಗಟ್ಟಲೆ ಬರೆದಿಟ್ಟು ಹೋದವರೂ ಇದ್ದಾರೆ. ಅವರು ಬಾಸೆಲ್ ಮಿಶನ್ನಿನ ಪಾದ್ರಿಗಳು. ಪರಸ್ಥಳದ ಬದುಕಿನ ಸುಖ-ದುಃಖ ಬರೆಯುವುದು ಹೇಗೆ, ಅದರಲ್ಲಿ ಏನು ಬಿಟ್ಟುಹೋಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಅವರ ಬರವಣಿಗೆಯನ್ನೂ, ಅವರ ಬಗ್ಗೆ ನಾವು ಬರೆದದ್ದನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಮೊದಲು ಗೊತ್ತಿದ್ದ ಸಂಗತಿಗಳು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಮಿಶನ್ ಹುಟ್ಟಿತು. ಅದರ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಹೆರ್ಮನ್ ಮೋಗ್ಲಿಂಗ್, 1853ರಲ್ಲಿ ಫರ್ಡಿನಾಂಡ್ ಕಿಟೆಲ್. ಅವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಅವರು ಮಾಡಿದ ಕೆಲಸದ ಯಾದಿ ನಮಗೆಲ್ಲ ಬಾಯಿಪಾಠ: 1841ರ ಮಂಗಳೂರು ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’, 1865ರ ಹಂಚಿನ ಕಾರಖಾನೆ, 1894ರ ಕಿಟೆಲ್ ನಿಘಂಟು.

ಇನ್ನು ಅವರ ಬರವಣಿಗೆ. ಪಾದ್ರಿಗಳು ಬಾಸೆಲ್‌ನ ಕಮಿಟಿಗೆ ತಪ್ಪದೆ ವರದಿ, ಪತ್ರ ಕಳಿಸಬೇಕಿತ್ತು. ಅವುಗಳಲ್ಲಿ ಆರಿಸಿದವು ಮಿಶನ್ನಿನ ಮಾಸಿಕದಲ್ಲಿ ಅಚ್ಚಾಗುತ್ತಿದ್ದವು. ಅದನ್ನು ಓದುವವರು ಚಂದಾ ಕೊಡುವ ಭಕ್ತರು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಶಾಖೆಯಿಂದ ಹೆಡ್ ಆಫೀಸಿಗೆ ಹೋಗುವ ಪತ್ರದಲ್ಲಿ ಠೇವಣಿ ಹೆಚ್ಚಾದದ್ದು ಮೊದಲ ಸಾಲಿನಲ್ಲಿರುತ್ತದೆ. ವಸೂಲಾಗದ ಸಾಲಕ್ಕೆ ‘ಪ್ರಯತ್ನ ಜಾರಿಯಲ್ಲಿದೆ’ ಎಂಬ ಮಾತಿರುತ್ತದೆ. ಪತ್ರ ಸುಳ್ಳಲ್ಲ, ಆದರೆ ಅದು ಯಾರ ಕಣ್ಣಿಗಾಗಿ ಬರೆದದ್ದು ಎಂಬುದನ್ನು ಮರೆತು ಓದಬಾರದು. ಮಿಶನ್ ಪತ್ರಗಳಲ್ಲಿ ಸುಖ ಬಂದರೆ ಅದು ದೇವರ ಕೃಪೆ, ದುಃಖ ಬಂದರೆ ಅದು ದೇವರ ಪರೀಕ್ಷೆ. ಹೀಗೆ ಎರಡೂ ಒಂದೇ ಬದಿಗೆ ಜಮಾ ಆಗುತ್ತವೆ, ಖರ್ಚಿನ ಬದಿ ಖಾಲಿ ಉಳಿಯುತ್ತದೆ. ಜ್ವರ ಬಂತು, ಕೂಸು ಸತ್ತಿತು ಎಂದು ಅವರು ಬರೆಯುತ್ತಾರೆ, ಮುಚ್ಚಿಡುವುದಿಲ್ಲ. ಆದರೆ ಮುಂದಿನ ವಾಕ್ಯದಲ್ಲಿ ಸಮಾಧಾನ ಸಿದ್ಧವಾಗಿರುತ್ತದೆ. ಆ ಎರಡು ವಾಕ್ಯಗಳ ನಡುವೆ ಮನೆಯಲ್ಲಿ ಏನಾಯಿತು ಎಂಬುದು ಕಾಗದಕ್ಕೆ ಬರುವುದಿಲ್ಲ.

ಕನ್ನಡದಲ್ಲಿ ನಾವು ಬರೆದದ್ದೂ ಎರಡು ತೆರ. ಒಂದು, ‘ಪರದೇಶದಿಂದ ಬಂದು ಕನ್ನಡಕ್ಕೆ ದುಡಿದ ಮಹನೀಯರು’ ಎಂಬ ಮಾಲೆ ಹಾಕುವ ಲೇಖನ. ಇನ್ನೊಂದು, ‘ಬಂದದ್ದು ಮತ ಬೆಳೆಸಲಿಕ್ಕೆ, ಭಾಷೆ ಬರೀ ನೆಪ’ ಎಂದು ಒಂದೇ ಮಾತಿಗೆ ಮುಗಿಸುವ ಲೇಖನ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ದಂಥ ಗಟ್ಟಿ ಸಂಶೋಧನೆ ಇದ್ದೂ ನಮ್ಮ ಸಭೆ-ಸಮಾರಂಭದ ಬರವಣಿಗೆ ಈ ಎರಡು ಹಳಿ ಬಿಟ್ಟು ಇಳಿಯಲಿಲ್ಲ. ಹೊಗಳುವವರಿಗೂ ಬೈಯುವವರಿಗೂ ಕಾಣುವುದು ಮೇಜಿನ ಮುಂದೆ ಕೂತ ಗಂಡಸು ಒಬ್ಬನೇ. ಆ ಮೇಜಿನ ಹಿಂದೆ ಒಂದು ಮನೆ ಇತ್ತಲ್ಲ, ಅದರ ಗೊಡವೆ ಯಾರಿಗೂ ಇಲ್ಲ.

ಒಮ್ಮೆ ಇಲ್ಲಿಯ ಕನ್ನಡ ಬಳಗದಲ್ಲಿ ಕಿಟೆಲ್ ಬಗ್ಗೆ ಭಾಷಣಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕಾಯಿಪಲ್ಯ ಸೋಸುತ್ತಿದ್ದ ನನ್ನ ಮನೆಯವರು ಕೇಳಿದರು: “ಅಲ್ರೀ, ನಿಮ್ಮ ಕಿಟೆಲ್ ಸಾಹೇಬ್ರಿಗೆ ಹೇಂತಿ ಇದ್ದಳಿಲ್ಲೋ? ಆಕಿ ಹೆಸರೇನು?” ನನ್ನ ಮುಂದಿದ್ದ ಕನ್ನಡ ಲೇಖನಗಳಲ್ಲಿ ಒಂದರಲ್ಲೂ ಆ ಹೆಸರಿರಲಿಲ್ಲ. ಹುಡುಕಿದ ಮೇಲೆ ಸಿಕ್ಕಿತು: ಪೌಲೀನ್ ಐತ್. 1860ರಲ್ಲಿ ಮದುವೆ, 1864ರಲ್ಲಿ ಸಾವು. ಮೂರು ವರ್ಷದ ಮೇಲೆ ಕಿಟೆಲ್ ಆಕೆಯ ತಂಗಿ ಯೂಲಿಯನ್ನು ಮದುವೆಯಾದರು. 1862ರ ‘ಕಥಾಮಾಲೆ’ಯನ್ನೂ, 1875ರ ಛಂದೋಂಬುಧಿಯ ಸಂಪಾದನೆಯನ್ನೂ ಕಾಲಾನುಕ್ರಮದಲ್ಲಿ ಬರೆಯುವ ನಾವು ಆ ನಡುವಿನ ಒಂದು ಸಾವು, ಒಂದು ಮದುವೆ ಬರೆಯುವುದಿಲ್ಲ. ಒಂದು ಮನೆ ಮುರಿದು ಮತ್ತೆ ಕಟ್ಟಿದ ಮೇಲೆ ಬಂದ ಪುಸ್ತಕ ಅದು ಎಂದು ಗೊತ್ತಾದರೆ ಓದುವ ರೀತಿಯೇ ಬೇರೆಯಾಗುತ್ತದೆ.

ಮದುವೆಯಾದರೂ ಸ್ವಂತದ ವಿಷಯವಾಗಿತ್ತೇ? ಅದೂ ಅಲ್ಲ. ಪಾದ್ರಿ ಬ್ರಹ್ಮಚಾರಿಯಾಗಿ ಹೊರಡಬೇಕು, ಕೆಲವು ಕಾಲ ಸೇವೆ ಮಾಡಬೇಕು, ಆಮೇಲೆ ಕಮಿಟಿಗೆ ಅರ್ಜಿ ಹಾಕಬೇಕು. ಕಮಿಟಿ ಒಪ್ಪಿದರೆ ಊರ ಕಡೆಯಿಂದ ಹೆಣ್ಣು ಹಡಗು ಹತ್ತಿ ಬರುತ್ತಿದ್ದಳು. ಎಷ್ಟೋ ಸಲ ಮುಖ ನೋಡದ ಗಂಡನ ಕಡೆಗೆ. ಜರ್ಮನಿಯ ಸಂಶೋಧಕಿ ಡಾಗ್ಮಾರ್ ಕೊನ್ರಾಡ್ ಈ ‘ಮಿಶನ್ ವಧು’ಗಳ ಬಗ್ಗೆಯೇ 2001ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಮೋಗ್ಲಿಂಗರು ಮದುವೆಯಾದದ್ದು ಪೌಲೀನ್ ಎಂಬಾಕೆಯನ್ನು. ಆಕೆ ಅವರ ಸೋದರಬಂಧು, ಕನ್ನಡ ಬೈಬಲ್ ಅನುವಾದಕ್ಕೆ ದುಡಿದ ವೈಗ್ಲೆಯವರ ವಿಧವೆ. ವೈಗ್ಲೆ 1855ರಲ್ಲಿ ತೀರಿಕೊಂಡಿದ್ದರು. 1860ರಲ್ಲಿ ಆಕೆಯ ಆರೋಗ್ಯ ಕೆಟ್ಟಾಗ ಮೋಗ್ಲಿಂಗ್ ಕೊಡಗಿನ ಕೆಲಸ ಬಿಟ್ಟು ಜರ್ಮನಿಗೆ ಮರಳಿದರು. ನಮ್ಮ ಲೇಖನಗಳಲ್ಲಿ ಇದು ‘ಕಾರಣಾಂತರದಿಂದ ಸ್ವದೇಶಕ್ಕೆ ಮರಳಿದರು’ ಎಂದಾಗುತ್ತದೆ. ಆ ಕಾರಣಾಂತರಕ್ಕೆ ಒಂದು ಹೆಸರಿತ್ತು, ಒಂದು ದೇಹವಿತ್ತು.

ಎಲ್ಲಕ್ಕಿಂತ ಭಾರದ ಲೆಕ್ಕ ಮಕ್ಕಳದು. ಮಕ್ಕಳು ಆರೇಳು ವರ್ಷಕ್ಕೆ ಬರುವ ಹೊತ್ತಿಗೆ ಅವರನ್ನು ಯುರೋಪಿಗೆ ಕಳಿಸಬೇಕೆಂಬುದು ಮಿಶನ್ನಿನ ಪದ್ಧತಿ. ಅವರಿಗಾಗಿ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆಯನ್ನೇ ಕಟ್ಟಿದರು. ಕಾರಣ ಹವೆ, ರೋಗ ಮತ್ತು ಶಾಲೆ. ಜೊತೆಗೆ ಮಕ್ಕಳು ಇಲ್ಲಿಯ ಆಯಾಗಳ ಭಾಷೆ-ನಡತೆ ಕಲಿತುಬಿಡುತ್ತಾರೆಂಬ ಭಯ. ಈ ನೆಲದ ಭಾಷೆಗೆ ಕೋಶ ಬರೆಯುವವರ ಬಳಗದಲ್ಲೇ ತಮ್ಮ ಮಕ್ಕಳ ಬಾಯಲ್ಲಿ ಆ ಭಾಷೆ ಹೆಚ್ಚಾದೀತೆಂಬ ಅಂಜಿಕೆ! ಇದನ್ನು ಕಪಟವೆಂದು ತಳ್ಳಿಹಾಕುವುದು ಸುಲಭ. ಪುಣೆಯಲ್ಲಿ ಮಕ್ಕಳನ್ನು ಯಾವ ಮಾಧ್ಯಮಕ್ಕೆ ಹಾಕಬೇಕೆಂದು ರಾತ್ರಿ ನಿದ್ದೆಗೆಟ್ಟವರು ಅಷ್ಟು ಸುಲಭಕ್ಕೆ ತಳ್ಳಲಾರರು.

ಮಲಯಾಳಂ ನಿಘಂಟು ಬರೆದ ಗುಂಡರ್ಟರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ಮಲಬಾರಿನಲ್ಲಿ. ಚಿಕ್ಕ ಕೂಸಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಬಂದರು. ತಿರುಗಿ ತಂದೆ-ತಾಯಿಯ ಬಳಿ ಬಂದಾಗ 1857, ಹದಿನೈದರ ಹುಡುಗಿ. ಬರುವ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನ ಮೇಲೆ ಮನಸ್ಸಾಗಿತ್ತು, ತಂದೆ ಒಪ್ಪಲಿಲ್ಲ. ಮುಂದೆ ಮದುವೆಯಾದ ಮಿಶನರಿ ಗಂಡ 1870ರಲ್ಲಿ ತೀರಿಕೊಂಡ. ಎರಡನೆಯ ಗಂಡ ಯೋಹಾನೆಸ್ ಹೆಸ್ಸೆಯೂ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಿಶನ್ ಕೆಲಸ ಮಾಡಿ ಆರೋಗ್ಯ ಕೆಟ್ಟು 1873ರಲ್ಲಿ ಹಿಂತಿರುಗಿದವರೇ. ಅವರ ಮಗ ‘ಸಿದ್ಧಾರ್ಥ’ ಬರೆದ ಹೆರ್ಮನ್ ಹೆಸ್ಸೆ.

ಇಲ್ಲಿ ಎರಡು ಜರ್ಮನ್ ಪುಸ್ತಕಗಳನ್ನು ಅಕ್ಕಪಕ್ಕ ಇಡಬೇಕು. ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ. ಮರುವರ್ಷವೇ ಗುಂಡರ್ಟ್ ಅವರ ಚರಿತ್ರೆ ಬರೆದರು. ಅದರ ಹೆಸರಿನಲ್ಲೇ ‘ಮಿಶನ್ ಜೀವನ’ ಎಂದಿದೆ. ಸಹೋದ್ಯೋಗಿ ಸಹೋದ್ಯೋಗಿಗೆ ಬರೆದ ಸೇವಾಪುಸ್ತಕ ಅನ್ನಿ. ಮರೀ ಹೆಸ್ಸೆಯ ಪತ್ರ, ದಿನಚರಿಗಳನ್ನು ಆಕೆಯ ಮಗಳು ಅಡೆಲೆ ಹೊರತಂದದ್ದು 1934ರಲ್ಲಿ. ಗಂಡಸಿನ ಬದುಕು ಪುಸ್ತಕವಾಗಲಿಕ್ಕೆ ಒಂದು ವರ್ಷ ಸಾಕಾಯಿತು, ಬರೆದವರು ಮಿಶನ್ನಿನವರೇ. ಆಕೆ ತೀರಿಕೊಂಡದ್ದು 1902ರಲ್ಲಿ. ಮಗಳು ಕೈ ಹಾಕಿ ಆ ಮನೆಯ ಮಾತು ಹೊರಬರಲು ಮೂವತ್ತೆರಡು ವರ್ಷ ಹಿಡಿಯಿತು.

ನಮ್ಮ ಕಡೆಯ ನಷ್ಟವನ್ನೂ ಬಿಡುವಂತಿಲ್ಲ. ಮಂಗಳೂರಿನ ಸಾರಸ್ವತ ತರುಣ ಆನಂದರಾಯ ಕೌಂಡಿನ್ಯ 1844ರಲ್ಲಿ ಮತಾಂತರಗೊಂಡರು. ಹೆಂಡತಿ ಜೊತೆ ಬರಲಿಲ್ಲ, ಮನೆ ದೂರವಾಯಿತು. 1846ರಿಂದ 1851ರವರೆಗೆ ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿದರು. ಮೋಗ್ಲಿಂಗ್ ಮಂಗಳೂರಿನಲ್ಲಿ ಪರಸ್ಥಳದವರಾದರೆ, ಕೌಂಡಿನ್ಯರು ಬಾಸೆಲ್‌ನಲ್ಲೂ ಪರಸ್ಥಳದವರು, ಮರಳಿದ ಮೇಲೆ ತಮ್ಮ ಹುಟ್ಟಿದ ಓಣಿಯಲ್ಲೂ ಪರಸ್ಥಳದವರು. ಮಿಶನ್ ಲೆಕ್ಕದಲ್ಲಿ ಇದು ಮೊದಲ ಪುಟದ ಜಯ. ಹಿಂದೆ ಉಳಿದ ಆ ಹೆಣ್ಣುಮಗಳ ಬದುಕು ಯಾವ ಪುಟದ್ದು?

ಹಾಗಾದರೆ ಸುಖ ಸುಳ್ಳೇ? ಖಂಡಿತ ಅಲ್ಲ. ಕಿಟೆಲ್ ನಿಘಂಟನ್ನು ಯಾವ ಪುಟಕ್ಕೆ ತೆಗೆದರೂ ಅದು ಕಾಣುತ್ತದೆ. ಸುಮಾರು 70,000 ಶಬ್ದ, ಅವಕ್ಕೆ ಗಾದೆಗಳ, ಹಳೆಯ ಕಾವ್ಯಗಳ ಆಧಾರ. ಬರೀ ಧರ್ಮಪ್ರಚಾರಕ್ಕೆ ಇಷ್ಟು ಬೇಕಿರಲಿಲ್ಲ. ಪಂಡಿತರನ್ನೂ, ರಸ್ತೆಯ ಮಂದಿಯನ್ನೂ ಕೇಳಿ ಕೇಳಿ ಶಬ್ದ ಕೂಡಿಸಿದ ಮನುಷ್ಯನಿಗೆ ಆ ಕೆಲಸದಲ್ಲೇ ಸಂತೋಷ ಸಿಕ್ಕಿದೆ. ಜರ್ಮನಿಗೆ ಮರಳಿದ ಮೇಲೂ ಬಿಡಲಿಲ್ಲ. ಕನ್ನಡ ವ್ಯಾಕರಣ 1903ರಲ್ಲಿ ಹೊರಬಂತು, ಅದೇ ವರ್ಷ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಊರಿಗೆ ಮರಳಿದವನ ಮೇಜಿನ ಮೇಲೆ ಇನ್ನೊಂದು ಊರಿನ ಭಾಷೆ!

ಈ ಸಂಬಂಧಕ್ಕೆ ಸರಕಾರಗಳ ದೃಷ್ಟಿಯಲ್ಲಿ ಬೆಲೆ ಇರಲಿಲ್ಲ. 1914ರ ಮಹಾಯುದ್ಧ ಬಂದಾಗ ಇಲ್ಲಿದ್ದ ಜರ್ಮನ್ ಪಾದ್ರಿಗಳು ಒಮ್ಮೆಲೇ ಶತ್ರುದೇಶದವರಾದರು. ಪುಣೆಯಿಂದ ಮೂರು ತಾಸಿನ ದಾರಿಯ ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ಜರ್ಮನರ ಬಂದಿಶಿಬಿರವಿತ್ತು. ‘ನೀನು ಎಲ್ಲಿಯವನು?’ ಎಂಬ ಪ್ರಶ್ನೆಗೆ ಭಾಷೆ, ದುಡಿಮೆ ಉತ್ತರವಾಗಲಿಲ್ಲ, ಕಾಗದಪತ್ರ ಉತ್ತರವಾಯಿತು. ಮುಂಬಯಿಯಲ್ಲಿ 1960ರ ದಶಕದಲ್ಲಿ ‘ಹೊರಗಿನವರು’ ಎನ್ನಿಸಿಕೊಂಡ ಕನ್ನಡಿಗರಿಗೆ ಈ ಮಾತು ಹೊಸದಲ್ಲ.

ಇದನ್ನೆಲ್ಲ ಇಂಥ ಪುಸ್ತಕದಲ್ಲಿ ಏಕೆ ಬರೆಯಬೇಕು? ನಮ್ಮ ಹೊರನಾಡ ಬರವಣಿಗೆಯೂ ಮಿಶನ್ ವರದಿಯ ಧಾಟಿಯಲ್ಲೇ ನಡೆದಿದೆ, ಅದಕ್ಕೆ. ಸಂಘ ಕಟ್ಟಿದೆವು, ಕಟ್ಟಡ ಎತ್ತಿದೆವು, ರಾಜ್ಯೋತ್ಸವ ಮಾಡಿದೆವು. ಕಷ್ಟ ಬಂದರೆ ಅದೂ ಕನ್ನಡ ಸೇವೆಯ ಪರೀಕ್ಷೆ. ಅಧ್ಯಕ್ಷರ ಹೆಸರು, ಕಾರ್ಯದರ್ಶಿಯ ಹೆಸರು ಇರುತ್ತದೆ. ವರ್ಗಾವಣೆ ಆದೇಶ ಬಂದಾಗಲೆಲ್ಲ ಪಾತ್ರೆ-ಪಡಗ ಗೋಣಿಚೀಲಕ್ಕೆ ತುಂಬಿದವರ, ಮೂರು ಶಾಲೆಯಲ್ಲಿ ಮೂರು ಲಿಪಿ ಕಲಿತು ಅಜ್ಜಿಗೆ ಕನ್ನಡದಲ್ಲಿ ಪತ್ರ ಬರೆಯಲಾಗದ ಮಕ್ಕಳ, ಊರಿನಲ್ಲಿ ಫೋನಿನ ಹತ್ತಿರ ಕೂತ ಮುದುಕರ ಮಾತು ಅದರಲ್ಲಿ ಬರುವುದಿಲ್ಲ.

ಬ್ಯಾಲೆನ್ಸ್ ಶೀಟು ಹೊಂದಿತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎಂದಾಗುವುದಿಲ್ಲ. ಪುಸ್ತಕಕ್ಕೆ ಬರೆಯದ ರಕಮು ಇದ್ದರೂ ಎರಡೂ ಬದಿ ಹೊಂದಬಹುದು. ಹಾಗಾಗಿ ಮಿಶನರಿಗಳ ಬಗ್ಗೆ ಮುಂದೆ ಬರೆಯುವವರಿಗೆ ನನ್ನ ಬೇಡಿಕೆ ಸಣ್ಣದು: ನಿಘಂಟಿನ ಪಕ್ಕದಲ್ಲಿ ಪೌಲೀನಳ ಹೆಸರನ್ನೂ, ಮಿಶನ್ನಿನ ಪಕ್ಕದಲ್ಲಿ ಬಾಸೆಲ್‌ನ ಮಕ್ಕಳ ಮನೆಯನ್ನೂ ಬರೆಯಿರಿ. ನಮ್ಮ ಬಗ್ಗೆ ಬರೆಯುವವರಿಗೂ ಇದೇ ಮಾತು. ಹೊಗಳಿಕೆ ಅದರಿಂದ ಕಡಿಮೆಯಾಗುವುದಿಲ್ಲ, ಅದಕ್ಕೆ ಯಾರು ಎಷ್ಟು ತೆತ್ತರೆಂಬುದು ಗೊತ್ತಾಗುತ್ತದೆ, ಅಷ್ಟೇ.